ಆಪರೇಷನ್ ಥಿಯೇಟರಿಗೆ ಎರಡು ಬಾಗಿಲು

ಶನಿವಾರ ರಾತ್ರಿ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ, ಬೆಲ್ ಆಯಿತು. ಮೇಲಿನ ಮಹಡಿಯ ರಾಯರು. ಒಂದು ಕೈಯಲ್ಲಿ ಲ್ಯಾಪ್‌ಟಾಪ್, ಇನ್ನೊಂದರಲ್ಲಿ ಚಾರ್ಜರ್. ಚಾರ್ಜರ್ ಸಮೇತ ಬಂದಿದ್ದಾರೆಂದರೆ ಬೇಗ ಹೋಗುವವರಲ್ಲ ಎಂದು ಹೆಂಡತಿ ಕಾಫಿಗೆ ಹಾಲಿಟ್ಟಳು.

"ಮಂಗಳವಾರ ಸಂಜೆ ಐದರೊಳಗೆ ಚಾಯ್ಸ್ ಫಿಲ್ಲಿಂಗ್ ಮುಗಿಸ್ಬೇಕು ಮಾರಾಯ್ರೆ. ಮಗಳು ಒಂದು ಹೇಳ್ತಾಳೆ, ಅವಳಮ್ಮ ಇನ್ನೊಂದು ಹೇಳ್ತಾಳೆ. ನೀವು ಕಂಪ್ಯೂಟರಿನವರು, ಒಂದು ಲೆಕ್ಕ ಹಾಕಿ ಕೊಡಿ."

ರಾಯರು ಪೋರ್ಟ್ ಟ್ರಸ್ಟಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದು ಈಗ ನಿವೃತ್ತರು. ಮಗಳು ತಡವಾಗಿ ಹುಟ್ಟಿದವಳು. ಏಳನೆಯವರೆಗೆ ಇಲ್ಲೇ ವಡಾಲದ ಎನ್.ಕೆ.ಇ.ಎಸ್. ಶಾಲೆಯಲ್ಲಿ ಓದಿದ್ದಾಳೆ. ಎಂಟನೆಯ ತರಗತಿಯಲ್ಲಿದ್ದಾಗ ನಮ್ಮನೆಯ ಕೆಟ್ಟುಹೋದ ಮಿಕ್ಸಿಯನ್ನು ನೆಲದ ಮೇಲೆ ಪೂರ್ತಿ ಬಿಚ್ಚಿ ಹರವಿ, ಒಂದು ಸ್ಕ್ರೂ ಉಳಿಯದ ಹಾಗೆ ವಾಪಸ್ ಜೋಡಿಸಿ, ತಿರುಗಿಸಿ ತೋರಿಸಿದ್ದಳು. ಆಗಿನಿಂದಲೂ ಅವಳದು ಒಂದೇ ಮಾತು: ಡಾಕ್ಟರ್ ಅಲ್ಲ, ಸರ್ಜನ್. ನೀಟ್ ಬರೆದಳು. ಬಂದ ಅಂಕ ಸರ್ಕಾರಿ ಎಂಬಿಬಿಎಸ್ ಸೀಟಿಗೆ ಸಾಲದು, ಆಯುರ್ವೇದದ ಬಿಎಎಂಎಸ್ ಸೀಟಿಗೆ ಧಾರಾಳ. ಡೀಮ್ಡ್ ಕಾಲೇಜಿನ ಎಂಬಿಬಿಎಸ್ ಎಂದರೆ ವರ್ಷಕ್ಕೆ 20 ಲಕ್ಷ ದಾಟುವ ಮಾತು. ರಾಯರ ಪಿಎಫ್ ಹಣ ಎರಡನೆಯ ವರ್ಷಕ್ಕೇ ಮುಗಿದೀತು.

"ಬಿಎಎಂಎಸ್ ಮಾಡಿ ಅದರಲ್ಲೇ ಎಂಎಸ್ ಮಾಡಬಹುದಂತೆ. ಶಲ್ಯತಂತ್ರ ಅಂತ. ಅದೂ ಸರ್ಜನ್ನೇ ಅಲ್ವಾ? ಈಗ ಸರ್ಕಾರವೂ ಆಪರೇಷನ್ ಮಾಡ್ಲಿಕ್ಕೆ ಪರ್ಮಿಷನ್ ಕೊಟ್ಟಿದೆಯಂತೆ. ಸಯನ್ನಿನಲ್ಲಿ ಸಿಕ್ಕಿದ್ರೆ ಮನೆಯಿಂದಲೇ ಹೋಗಿ ಬರ್ಬಹುದು. ಉಡುಪಿಯಲ್ಲಿ ಸಿಕ್ಕಿದ್ರೆ ಊರಿನಲ್ಲಿ ಅಜ್ಜಿ ಇದ್ದಾರೆ."

ತಮಾಷೆ ಎಂದರೆ, ಇದೇ ಪ್ರಶ್ನೆಯ ಇನ್ನೊಂದು ರೂಪ ಅದೇ ವಾರ ನ್ಯೂಜೆರ್ಸಿಯಿಂದಲೂ ಬಂದಿತ್ತು. ಅಲ್ಲಿ ನನ್ನ ದೊಡ್ಡಮ್ಮನ ಮಗಳಿದ್ದಾಳೆ, ನಾನು ಅಕ್ಕ ಎನ್ನುತ್ತೇನೆ. ಅವಳ ಮಗನಿಗೆ ಮೂಳೆಯ ಸರ್ಜನ್ ಆಗಬೇಕು. ಎಂಡಿ ಕಾಲೇಜುಗಳು ಕೈಕೊಟ್ಟವು, ಡಿಓ ಕಾಲೇಜೊಂದು ಕರೆಯಿತು. ಡಿಓ ಎಂದರೆ ಆಸ್ಟಿಯೋಪಥಿಕ್ ಮೆಡಿಸಿನ್. ಅಕ್ಕನ ಸಂಕಟ ಬೇರೆ: "ಇಲ್ಲಿ ಸಂಘದ ಯುಗಾದಿ ಊಟಕ್ಕೆ ಹೋದ್ರೆ ಎಲ್ಲರೂ ಕೇಳ್ತಾರೆ ಕಣೋ, ಅದು ಮಾಲೀಶು ಮಾಡೋ ಡಾಕ್ಟರಾ ಅಂತ."

ನಾನು ಮೊದಲು ಮಾಡಿದ ಕೆಲಸ ನನ್ನ ಕಸುಬಿನವರೆಲ್ಲ ಮಾಡುವಂಥದ್ದೇ. ಎಕ್ಸೆಲ್ ತೆರೆದೆ. ಎಂಬಿಬಿಎಸ್ ಒಂದು ಕಾಲಮ್ಮು, ಬಿಎಎಂಎಸ್ ಇನ್ನೊಂದು. ಕಾಲಾವಧಿ: ಎರಡೂ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ಎಂಎಸ್: ಎರಡೂ ಮೂರು ವರ್ಷ. ಒಟ್ಟು ಎಂಟೂವರೆ, ಎಂಟೂವರೆ. ಪ್ರವೇಶ ಪರೀಕ್ಷೆ: ಎರಡಕ್ಕೂ ನೀಟ್. ಹೆಸರಿನ ಹಿಂದೆ: ಎರಡಕ್ಕೂ ಡಾಕ್ಟರ್. ಕೊನೆಯ ಪದವಿ: ಎರಡಕ್ಕೂ ಎಂಎಸ್. ಖರ್ಚಿನಲ್ಲಿ ಮಾತ್ರ ಆಕಾಶ ಭೂಮಿಯಷ್ಟು ಅಂತರ. ಬಿಎಎಂಎಸ್ ಕಾಲಮ್ಮು ಪೂರ್ತಿ ಹಸಿರಾಯಿತು. ರಾಯರ ಮುಖ ಅರಳಿತು. ಕಾಫಿ ಮುಗಿಸಿ, ಚಾರ್ಜರ್ ಸುತ್ತಿಕೊಂಡು, ಹನ್ನೊಂದಕ್ಕೆ ಹೋದರು.

ಮಲಗಿದ ಮೇಲೆ ನನಗೆ ಏನೋ ಕಸಿವಿಸಿ. ಸಾಲುಗಳೆಲ್ಲ ಸರಿಯಿದ್ದವು. ಆದರೆ ಆ ಹುಡುಗಿ ಕೇಳಿದ ಪ್ರಶ್ನೆಯ ಸಾಲೇ ಅದರಲ್ಲಿರಲಿಲ್ಲ. ಅವಳು ಕೇಳಿದ್ದು ಪದವಿಯ ಹೆಸರನ್ನಲ್ಲ. ಎಂಟೂವರೆ ವರ್ಷದ ನಂತರ ಆಪರೇಷನ್ ಟೇಬಲ್ಲಿನ ಪಕ್ಕ ಚಾಕು ನನ್ನ ಕೈಯಲ್ಲಿರುತ್ತದೋ ಇಲ್ಲವೋ ಎಂಬುದನ್ನು.

ಅಮೆರಿಕದ ಕತೆ ಮೊದಲು ಹೇಳಿಬಿಡುತ್ತೇನೆ, ಅದು ಒಂದು ದಡ ಮುಟ್ಟಿದ ಕತೆ. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯನ ಮೂವರು ಮಕ್ಕಳು 1864ರಲ್ಲಿ ಮಿದುಳಿನ ಪೊರೆಯ ಜ್ವರಕ್ಕೆ ತೀರಿಕೊಂಡರು. ಆಗಿನ ಔಷಧಿಗಳ ಮೇಲೆ ಅವನಿಗೆ ನಂಬಿಕೆ ಹೋಯಿತು. ಪಾದರಸ ಕುಡಿಸಿ, ರಕ್ತ ತೆಗೆದು ಚಿಕಿತ್ಸೆ ಮಾಡುತ್ತಿದ್ದ ಕಾಲ, ನಂಬಿಕೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಮೂಳೆ, ಸ್ನಾಯುಗಳನ್ನು ಕೈಯಿಂದಲೇ ಸರಿಪಡಿಸುವ ಪದ್ಧತಿ ಕಟ್ಟಿ, 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಊರಿನಲ್ಲಿ ಕಾಲೇಜು ತೆರೆದ. ದಶಕಗಳ ಕಾಲ ಎಂಡಿಗಳು ಇವರನ್ನು ಹತ್ತಿರ ಸೇರಿಸಲಿಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ 1962ರಲ್ಲಿ 65 ಡಾಲರ್ ಕಟ್ಟಿಸಿಕೊಂಡು ಡಿಓಗಳಿಗೆ ಎಂಡಿ ಸರ್ಟಿಫಿಕೇಟ್ ಕೊಟ್ಟು ಆ ಪಂಥವನ್ನೇ ಮುಗಿಸಲು ನೋಡಿದರು. ಮುಗಿಯಲಿಲ್ಲ. ಬದಲಿಗೆ ಡಿಓ ಕಾಲೇಜುಗಳೇ ಬದಲಾದವು. ಅದೇ ಔಷಧ ವಿಜ್ಞಾನ, ಅದೇ ಶಸ್ತ್ರಚಿಕಿತ್ಸೆ, ಅವೇ ಆಸ್ಪತ್ರೆಗಳು. ಜತೆಗೆ ಕೈಚಿಕಿತ್ಸೆಯ ಇನ್ನೂರು ಗಂಟೆಯಷ್ಟು ಪಾಠ. ಈಗ ಅಲ್ಲಿನ ವೈದ್ಯ ವಿದ್ಯಾರ್ಥಿಗಳಲ್ಲಿ ಸುಮಾರು ಕಾಲು ಭಾಗ ಡಿಓ ಕಾಲೇಜಿನವರು. ಐವತ್ತೂ ರಾಜ್ಯಗಳಲ್ಲಿ ಅವರಿಗೆ ಎಂಡಿಗಳಷ್ಟೇ ಪೂರ್ತಿ ಹಕ್ಕು. 2020ರ ಜುಲೈಯಿಂದ ಇಬ್ಬರ ರೆಸಿಡೆನ್ಸಿಯೂ, ಅಂದರೆ ನಮ್ಮ ಪಿಜಿ ತರಬೇತಿಯಂಥದ್ದು, ಒಂದೇ ಸಂಸ್ಥೆಯ ಉಸ್ತುವಾರಿಗೆ ಬಂತು.

ಹಾಗೆಂದು ಅಕ್ಕನ ಮಗನ ದಾರಿ ಸಲೀಸಲ್ಲ. ಡಿಓ ವಿದ್ಯಾರ್ಥಿಗಳಿಗೆ ಕಾಮ್ಲೆಕ್ಸ್ ಎಂಬ ತಮ್ಮದೇ ಪರೀಕ್ಷೆ ಇದೆ. ಸರ್ಜರಿಯ ಆಸೆಯಿರುವವರು ಅದರ ಜತೆಗೆ ಎಂಡಿಗಳ ಯುಎಸ್‌ಎಂಎಲ್‌ಇಯನ್ನೂ ಬರೆಯುತ್ತಾರೆ. ಆಯ್ಕೆ ಮಾಡುವವರಿಗೆ ಇಬ್ಬರನ್ನೂ ಒಂದೇ ಅಳತೆಗೋಲಿನಲ್ಲಿ ನೋಡುವುದು ಸುಲಭ. 2022ರ ಜನವರಿಯಿಂದ ಅದರ ಮೊದಲ ಹಂತಕ್ಕೆ ಅಂಕವೇ ಇಲ್ಲ, ಬರೀ ಪಾಸು ಫೇಲು. ಹಾಗಾಗಿ ಎರಡನೆಯ ಹಂತದ ಅಂಕದ ಮೇಲೆ ಎಲ್ಲ ಭಾರ. ಫ್ಯಾಮಿಲಿ ಮೆಡಿಸಿನ್ನಿಗೆ ಡಿಓ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ, ಆದರೆ ನರಶಸ್ತ್ರಚಿಕಿತ್ಸೆ, ಪ್ಲಾಸ್ಟಿಕ್ ಸರ್ಜರಿಯಂಥ ಕಡೆ ಡಿಓಗಳು ಇಂದಿಗೂ ಬೆರಳೆಣಿಕೆ. ದೊಡ್ಡ ಯುನಿವರ್ಸಿಟಿ ಆಸ್ಪತ್ರೆಗಳಲ್ಲಿ ಹಳೆಯ ತಾತ್ಸಾರ ಪೂರ್ತಿ ಹೋಗಿಲ್ಲ. ಬಾಗಿಲು ಮುಚ್ಚಿಲ್ಲ, ಎರಡು ಸಲ ಜಾಸ್ತಿ ತಟ್ಟಬೇಕು. ಅಕ್ಕನಿಗೆ ಅಷ್ಟನ್ನೇ ಹೇಳಿದೆ. ಮಾಲೀಶಿನ ಪ್ರಶ್ನೆಗೆ ಉತ್ತರವನ್ನು ಅವಳೇ ಹುಡುಕಿಕೊಳ್ಳಬೇಕು.

ಒಂದು ಎಚ್ಚರಿಕೆ. ಮುಂಬಯಿಯಲ್ಲೂ ಅಲ್ಲಲ್ಲಿ ಆಸ್ಟಿಯೋಪಥಿ ಎಂಬ ಬೋರ್ಡು ಕಾಣುತ್ತದೆ. ಅದು ಸೊಂಟ, ಕುತ್ತಿಗೆ ನೋವಿಗೆ ಕೈಚಿಕಿತ್ಸೆ ಮಾಡುವವರ ಬೋರ್ಡು. ಅಮೆರಿಕದ ಡಿಓ ಪದವಿಗೂ ಅದಕ್ಕೂ ಹೆಸರಿನ ನೆಂಟಸ್ತಿಕೆ ಬಿಟ್ಟರೆ ಬೇರೆ ಸಂಬಂಧವಿಲ್ಲ.

ಈಗ ನಮ್ಮ ಕಡೆಯ ಕತೆ. ಅಮೆರಿಕದಲ್ಲಿ ಎರಡು ಕಾಲೇಜುಗಳಿಗೆ ಒಳಹೋಗುವ ದಾರಿ ಬೇರೆ, ಮುಂದೆ ಹೋದಂತೆ ಎರಡೂ ಒಂದಾಗುತ್ತವೆ. ನಮ್ಮಲ್ಲಿ ತಿರುಗುಮುರುಗು. ಒಳಹೋಗುವ ಪರೀಕ್ಷೆ ಒಂದೇ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು, ಎಂಬಿಬಿಎಸ್ ಸೀಟುಗಳು ಲಕ್ಷದ ಮೇಲೆ ಸ್ವಲ್ಪ. ಉಳಿದವರಲ್ಲಿ ಬಹಳ ಮಂದಿ ಅದೇ ಅಂಕಪಟ್ಟಿ ಹಿಡಿದು ಆಯುರ್ವೇದ, ಹೋಮಿಯೋಪಥಿಗಳತ್ತ ತಿರುಗುತ್ತಾರೆ. ಅಲ್ಲಿಂದಾಚೆ ದಾರಿಗಳು ಬೇರೆಯಾದರೆ ಮತ್ತೆ ಸೇರುವುದೇ ಇಲ್ಲ. ಬಿಎಎಂಎಸ್ ಮುಗಿಸಿದವರು ನೀಟ್ ಪಿಜಿ ಬರೆಯುವಂತಿಲ್ಲ. ಅವರ ಪರೀಕ್ಷೆ ಬೇರೆ, ಎಐಎಪಿಜಿಇಟಿ. ಆ ದಾರಿಯಲ್ಲಿ ಸಿಗುವ ಶಲ್ಯತಂತ್ರದ ಎಂಎಸ್, ಎಂಎಸ್ ಆಯುರ್ವೇದವೇ ಹೊರತು ಎಂಎಸ್ ಜನರಲ್ ಸರ್ಜರಿಯಲ್ಲ. ಅದರ ಮೇಲೆ ಹೃದಯ, ನರ, ಮೂತ್ರಪಿಂಡಗಳ ಎಂಸಿಎಚ್‌ಗೆ ಹೋಗುವಂತಿಲ್ಲ. ನೋಂದಣಿಯ ಪುಸ್ತಕವೂ ಬೇರೆ: ಎಂಬಿಬಿಎಸ್‌ನವರದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಅಡಿಯಲ್ಲಿ, ಆಯುರ್ವೇದದವರದು ಭಾರತೀಯ ವೈದ್ಯಪದ್ಧತಿಗಳ ಆಯೋಗದ ಅಡಿಯಲ್ಲಿ. ನಾನು ಎಕ್ಸೆಲ್ಲಿನಲ್ಲಿ ಎರಡೂ ಎಂಎಸ್‌ಗಳಿಗೆ ಒಂದೇ ಹಸಿರು ಬಳಿದಿದ್ದೆ.

ರಾಯರು ಹೇಳಿದ ಪರ್ಮಿಷನ್ ವಿಷಯ ಸುಳ್ಳೇನಲ್ಲ. 2020ರ ನವೆಂಬರಿನಲ್ಲಿ ಭಾರತೀಯ ವೈದ್ಯಪದ್ಧತಿಯ ಕೇಂದ್ರ ಮಂಡಳಿ ಒಂದು ಅಧಿಸೂಚನೆ ಹೊರಡಿಸಿತು. ಶಲ್ಯದ ಪಿಜಿ ವಿದ್ಯಾರ್ಥಿಗಳು ಕಲಿತು ಮಾಡಬಹುದಾದ 39 ಶಸ್ತ್ರಕ್ರಿಯೆಗಳು, ಕಣ್ಣು, ಕಿವಿ, ಮೂಗು, ಹಲ್ಲಿನ ಶಾಲಾಕ್ಯದವರಿಗೆ 19, ಒಟ್ಟು 58. ಬಾವು ಕೊಯ್ದು ಕೀವು ತೆಗೆಯುವುದರಿಂದ ಹಿಡಿದು ಅಪೆಂಡಿಕ್ಸ್, ಪಿತ್ತಕೋಶ, ಹರ್ನಿಯಾ, ಕಣ್ಣಿನ ಪೊರೆ, ಹಲ್ಲಿನ ರೂಟ್ ಕೆನಾಲ್‌ವರೆಗೆ. ಎಂಬಿಬಿಎಸ್ ವೈದ್ಯರ ಸಂಘ ಐಎಂಎ ಕೆರಳಿತು. ಇದನ್ನು ಮಿಕ್ಸೋಪಥಿ ಎಂದು ಕರೆದು 2020ರ ಡಿಸೆಂಬರ್ 11ರಂದು ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ತುರ್ತಲ್ಲದ ಸೇವೆ ನಿಲ್ಲಿಸಿತು. ಆಯುಷ್ ಇಲಾಖೆ ಹೇಳಿದ್ದು, ಇದು ಹೊಸ ಹಕ್ಕಲ್ಲ, ಇದ್ದದ್ದನ್ನೇ ಪಟ್ಟಿ ಮಾಡಿದ್ದು, ಈ 58ರ ಆಚೆ ಇಲ್ಲ ಎಂದು. ಆಯುರ್ವೇದ ಓದಿದವರೆಲ್ಲರಿಗೂ ಅಲ್ಲ, ಆ ಎರಡು ವಿಷಯದಲ್ಲಿ ಪಿಜಿ ಮಾಡಿದವರಿಗೆ ಮಾತ್ರ.

ಕಾಗದದ ಮೇಲಿನ ಪಟ್ಟಿ ಒಂದು, ಆಸ್ಪತ್ರೆ ಒಂದು. ಪಿತ್ತಕೋಶ ತೆಗೆಯಲು ಚಾಕು ಹಿಡಿದವರೊಬ್ಬರು ಸಾಲದು. ಅರಿವಳಿಕೆ ಕೊಡುವವರು ಒಪ್ಪಬೇಕು. ಆಸ್ಪತ್ರೆಯ ಆಡಳಿತ ಥಿಯೇಟರಿನ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರಿಸಬೇಕು. ನಡುವೆ ರಕ್ತಸ್ರಾವವಾದರೆ ಪಕ್ಕದ ಥಿಯೇಟರಿನಿಂದ ಹಿರಿಯರೊಬ್ಬರು ಓಡಿ ಬರಬೇಕು. ಎಲ್ಲಕ್ಕಿಂತ ಮೊದಲು, ರೋಗಿ ನಿಮ್ಮ ಪದವಿ ಓದಿಯೂ ಟೇಬಲ್ ಹತ್ತಬೇಕು. ಅಧಿಸೂಚನೆಯೊಂದು ಇದರಲ್ಲಿ ಯಾವುದನ್ನೂ ತಂದುಕೊಡುವುದಿಲ್ಲ. ಆಧುನಿಕ ಔಷಧಿಯನ್ನು ಆಯುರ್ವೇದದವರು ಬರೆಯಬಹುದೋ ಇಲ್ಲವೋ ಎಂಬುದೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅದು ಆಯಾ ರಾಜ್ಯದ ಕಾನೂನಿನಂತೆ ಎಂದು ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ. ಮಹಾರಾಷ್ಟ್ರ ಈ ವಿಷಯದಲ್ಲಿ ಹಿಂದಿನಿಂದಲೂ ಸ್ವಲ್ಪ ಉದಾರಿ. 2023ರ ಏಪ್ರಿಲಿನಲ್ಲಿ ಗುಜರಾತಿನ ಸರ್ಕಾರಿ ಆಯುರ್ವೇದ ವೈದ್ಯರು ಎಂಬಿಬಿಎಸ್‌ನವರಷ್ಟೇ ಸಂಬಳ ಬೇಕೆಂದು ಹೂಡಿದ್ದ ಪ್ರಕರಣ ಬಂದಾಗ, ಇಬ್ಬರದೂ ಸಮಾನ ಕೆಲಸವಲ್ಲ ಎಂದು ಅದೇ ಕೋರ್ಟ್ ಹೇಳಿತು. ತುರ್ತು ಚಿಕಿತ್ಸೆ, ಜಟಿಲ ಶಸ್ತ್ರಚಿಕಿತ್ಸೆಗೆ ನೆರವಾಗುವುದು ಇಂಥವನ್ನೇ ಉದಾಹರಿಸಿತು. ಆಯುರ್ವೇದವನ್ನು ಹಳಿಯುತ್ತಿಲ್ಲ ಎಂದೂ ಸೇರಿಸಿತು.

ಇಷ್ಟೆಲ್ಲ ಓದಿ ತಿಳಿದದ್ದು. ಆದರೆ ನನ್ನ ಕಣ್ಣಿಗೆ ಕಟ್ಟಿದ್ದು ಎರಡು ವರ್ಷದ ಹಿಂದಿನ ಒಂದು ರಾತ್ರಿ.

ಊರಿಂದ ಬಂದಿದ್ದ ಅಮ್ಮನಿಗೆ ರಾತ್ರಿ ಒಂದೂವರೆಗೆ ಹೊಟ್ಟೆನೋವು, ವಾಂತಿ. ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಓಡಿದೆವು. ರಾತ್ರಿ ಪಾಳಿಯಲ್ಲಿ ಇದ್ದದ್ದು ಮೂವತ್ತರ ಆಸುಪಾಸಿನ ಒಬ್ಬ ಡಾಕ್ಟರಮ್ಮ. ಅಮ್ಮ ಗ್ಯಾಸ್ ಎಂದಳು, ನಾನೂ ಗ್ಯಾಸ್ ಎಂದೆ. ಆಕೆ ನಮ್ಮ ಮಾತು ಕೇಳದೆ ಸೀರೆಯ ನೆರಿಗೆ ಸರಿಸಿ, ತೊಡೆಸಂದಿನಲ್ಲಿ ಕೈಯಿಟ್ಟು ನೋಡಿದರು. ಅಮ್ಮ ವರ್ಷಗಟ್ಟಲೆ ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದ ಹರ್ನಿಯಾ. ಕರುಳು ಅದರಲ್ಲಿ ಸಿಕ್ಕಿಹಾಕಿಕೊಂಡಿತ್ತು. ಎರಡು ನಿಮಿಷದಲ್ಲಿ ಸರ್ಜನ್ನಿಗೆ ಫೋನ್ ಹೋಯಿತು, ನಾಲ್ಕಕ್ಕೆ ಆಪರೇಷನ್ ಮುಗಿಯಿತು. ಬೆಳಗಾಗುವವರೆಗೆ ಕಾದಿದ್ದರೆ ಕರುಳು ಕೊಳೆತುಹೋಗುತ್ತಿತ್ತು ಎಂದರು ಸರ್ಜನ್.

ನಾನು ಆಕೆಗೆ ಥ್ಯಾಂಕ್ಸ್ ಹೇಳಲು ಹೋದಾಗ ಮಾತು ಕನ್ನಡಕ್ಕೆ ತಿರುಗಿತು. ಬೆಳಗಾವಿ ಕಡೆಯವರು. ಬಿಎಎಂಎಸ್. ಈ ಊರಿನ ಎಷ್ಟೋ ಖಾಸಗಿ ಆಸ್ಪತ್ರೆಗಳ ರಾತ್ರಿ ಪಾಳಿ ಇಂಥವರ ಹೆಗಲ ಮೇಲೆಯೇ ನಿಂತಿದೆ. ಕುಡಿಯಲು ಚಹಾ ಕೊಡುವ ಹುಡುಗನಿಗೂ ಅದು ಗೊತ್ತು, ರೋಗಿಯ ಮನೆಯವರಿಗೆ ಮಾತ್ರ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಾದ ಕ್ಷಣ ನನ್ನೊಳಗೆ ಒಂದು ಅಳುಕು ಹಾದುಹೋದದ್ದು ನಿಜ. ಅಮ್ಮನ ಜೀವ ಉಳಿಸಿದ ಕೈ ಎದುರಿಗಿರುವಾಗ ಪದವಿ ಕೇಳಿ ಅಳುಕಿದೆನಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ಭಾನುವಾರ ಮಧ್ಯಾಹ್ನ ಅವರಿಗೇ ಫೋನ್ ಮಾಡಿದೆ. ಪಕ್ಕದಲ್ಲಿ ರಾಯರ ಮಗಳನ್ನು ಕೂರಿಸಿಕೊಂಡು ಸ್ಪೀಕರ್ ಹಾಕಿದೆ.

"ಏನಾಗ್ಬೇಕಂತೀವಾ?" ಎಂದು ಕೇಳಿದರು ಡಾಕ್ಟರಮ್ಮ.

"ಸರ್ಜನ್."

"ಎಂಥಾ ಸರ್ಜನ್?"

ಹುಡುಗಿ ತಡವರಿಸಿದಳು. "ಅಂದ್ರೆ... ಹೊಟ್ಟೆದು. ಇಲ್ಲಾಂದ್ರೆ ಹಾರ್ಟ್."

"ಹಾಂಗಾದ್ರ ಕೇಳವಾ. ನಾನೂ ಸರ್ಜನ್ ಆಗ್ಬೇಕಂತನ ಈ ಕಡೆ ಬಂದಾಕಿ. ಎಂಬಿಬಿಎಸ್ ಸಿಗ್ಲಿಲ್ಲ, ಇದರಾಗಿಂದನ ಒಳಗ ಹೋಗೋಣು ಅಂತ ಬಂದೆ. ಏಳು ವರ್ಷ ಆತು ಥಿಯೇಟರಿನ್ಯಾಗ ಅಸಿಸ್ಟ್ ಮಾಡ್ಲಿಕ್ಕೆ ಹತ್ತಿ. ರಿಟ್ರಾಕ್ಟರ್ ಹಿಡಿದು ನಿಂತು ನಿಂತು ಕಾಲು ಬಾತಾವ. ಸಾಹೇಬ್ರು ಒಳಗಿನ ಕೆಲಸ ಮುಗಿಸಿ ಹೊಂಟ್ರ ಚರ್ಮದ ಹೊಲಿಗಿ ನಂದು. ಭಾಳ ಛಲೋ ಹಾಕ್ತೀನಿ, ಸಾಹೇಬ್ರ ಕಿಂತಾ ಛಲೋ. ಆದ್ರ ಬೋರ್ಡಿನ ಮ್ಯಾಲೆ ನನ್ನ ಹೆಸರು ಬರೂದಿಲ್ಲ. ಬರೂದೂ ಇಲ್ಲ ಮುಂದ."

ನಾವಿಬ್ಬರೂ ಸುಮ್ಮನಿದ್ದೆವು. ಅವರೇ ಮುಂದುವರಿಸಿದರು.

"ನನ್ನ ಕೂಡ ಓದಿದಾಕಿ ಒಬ್ಬಾಕಿ ಅದಾಳ. ಆಕಿಗೆ ಆಯುರ್ವೇದದ ಮ್ಯಾಲೆ ಖರೇ ಪ್ರೀತಿ. ಶಲ್ಯದಾಗ ಎಂಎಸ್ ಮಾಡಿ ಮೂಲವ್ಯಾಧಿ, ಭಗಂದರ ಅಷ್ಟ ನೋಡ್ತಾಳ. ಮುಂಜಾನೆ ಆರಕ್ಕ ಜನ ಪಾಳಿ ಹಚ್ಚಿ ನಿಂತಿರ್ತಾರ. ಆಕಿ ಸರ್ಜನ್ನ, ಯಾರೂ ಇಲ್ಲ ಅನ್ನೂದಿಲ್ಲ. ಆಕಿ ಅಲ್ಲಿಗೆ ಹೋಗ್ಬೇಕಂತನ ಹೋದ್ಲು. ನಾ ಬ್ಯಾರೆ ಕಡೆ ಹೋಗ್ಬೇಕಿತ್ತು, ಈ ಬಸ್ಸು ಹತ್ತಿದೆ."

ಆ ಗೆಳತಿಯ ಕೆಲಸ ನನಗೆ ಗೊತ್ತು, ಏಕೆಂದರೆ ನಮ್ಮ ದೊಡ್ಡಪ್ಪನೇ ಅದಕ್ಕೆ ಸಾಕ್ಷಿ. ಭಗಂದರ ಎಂದರೆ ಗುದದ್ವಾರದ ಪಕ್ಕ ಒಳಗಿಂದ ಹೊರಗೆ ಬೀಳುವ ಕೊಳವೆಯಂಥ ಹುಣ್ಣು, ಇಂಗ್ಲಿಷಿನಲ್ಲಿ ಫಿಸ್ಟುಲಾ. ದೊಡ್ಡಪ್ಪನಿಗೆ ಎರಡು ಸಲ ದೊಡ್ಡ ಆಸ್ಪತ್ರೆಯಲ್ಲಿ ಕೊಯ್ದರು, ಎರಡು ಸಲವೂ ಮರುಕಳಿಸಿತು. ಕೊನೆಗೆ ಊರ ಕಡೆಯ ಆಯುರ್ವೇದ ಆಸ್ಪತ್ರೆಯೊಂದರಲ್ಲಿ ಕ್ಷಾರಸೂತ್ರ ಹಾಕಿದರು. ಒಂದು ಗಟ್ಟಿ ದಾರಕ್ಕೆ ಕಳ್ಳಿಯ ಹಾಲು, ಉತ್ತರಾಣಿಯ ಕ್ಷಾರ, ಅರಿಶಿನ ಇವುಗಳನ್ನು ಒಂದಾದ ಮೇಲೊಂದು ಒಟ್ಟು 21 ಸಲ ಲೇಪಿಸಿ ಒಣಗಿಸುತ್ತಾರೆ: ಮೊದಲ ಹನ್ನೊಂದು ಬರೀ ಕಳ್ಳಿಹಾಲು, ಆಮೇಲಿನ ಏಳು ಹಾಲಿನ ಜತೆ ಕ್ಷಾರ, ಕೊನೆಯ ಮೂರು ಹಾಲಿನ ಜತೆ ಅರಿಶಿನ. ಆ ದಾರವನ್ನು ಹುಣ್ಣಿನ ಕೊಳವೆಯೊಳಗೆ ತೂರಿಸಿ ಗಂಟು ಹಾಕಿ, ವಾರಕ್ಕೊಮ್ಮೆ ಬದಲಿಸುತ್ತಾರೆ. ಅದು ನಿಧಾನವಾಗಿ ಕೊಯ್ಯುತ್ತಲೂ ಹೋಗುತ್ತದೆ, ಹಿಂದಿನಿಂದ ಮಾಯಿಸುತ್ತಲೂ ಬರುತ್ತದೆ. ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲಿ ಇದನ್ನು ಮತ್ತೆ ಬಳಕೆಗೆ ತಂದರು. 1991ರಲ್ಲಿ ಪ್ರಕಟವಾದ ಐಸಿಎಂಆರ್ ಪ್ರಯೋಗದಲ್ಲಿ ಮಾಮೂಲು ಶಸ್ತ್ರಕ್ರಿಯೆಯ ಗಾಯ ಮಾಯಲು ನಾಲ್ಕು ವಾರ ಹಿಡಿದರೆ ಕ್ಷಾರಸೂತ್ರಕ್ಕೆ ಎಂಟು ವಾರ ಹಿಡಿಯಿತು. ಆದರೆ ರೋಗ ಮರುಕಳಿಸಿದ್ದು ಶಸ್ತ್ರಕ್ರಿಯೆಯಲ್ಲಿ ನೂರಕ್ಕೆ 11, ಕ್ಷಾರಸೂತ್ರದಲ್ಲಿ ನೂರಕ್ಕೆ 4. ದೊಡ್ಡಪ್ಪ ಈಗ ಬಸ್ಸಿನಲ್ಲಿ ಕೂತು ಉಡುಪಿಯಿಂದ ಮುಂಬಯಿಗೆ ಬರುತ್ತಾರೆ. ಕೂರುವುದೇ ಅವರಿಗೆ ದೊಡ್ಡ ವಿಷಯವಾಗಿತ್ತು.

ಹಾಗಾಗಿ ಆಯುರ್ವೇದದಲ್ಲಿ ಶಸ್ತ್ರಚಿಕಿತ್ಸೆ ಇಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಸುಶ್ರುತನವರೆಗೂ ಹೋಗಬೇಕಿಲ್ಲ, ನಮ್ಮ ಶ್ರೀರಂಗಪಟ್ಟಣದವರೆಗೆ ಹೋದರೆ ಸಾಕು. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕಿ ಮೂಗು, ಒಂದು ಕೈ ಕಳಕೊಂಡ. ಆಮೇಲೆ ಪುಣೆಯ ಕಡೆಯ ಒಬ್ಬ ನಾಟಿ ಶಸ್ತ್ರವೈದ್ಯ, ಇಟ್ಟಿಗೆ ಮಾಡುವ ಕುಲದವನು, ಅವನ ಹಣೆಯ ಚರ್ಮವನ್ನೇ ಇಳಿಸಿ ಹೊಸ ಮೂಗು ಕಟ್ಟಿಕೊಟ್ಟ. 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನಿನಲ್ಲಿ ಚಿತ್ರ ಸಮೇತ ವರದಿ ಬಂತು. ಅದನ್ನು ಓದಿದ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಇಂಗ್ಲೆಂಡಿನಲ್ಲಿ ಅದೇ ಶಸ್ತ್ರಕ್ರಿಯೆ ಮಾಡಿದ. ಇಂದಿನ ಪ್ಲಾಸ್ಟಿಕ್ ಸರ್ಜರಿಯ ಪುಸ್ತಕಗಳಲ್ಲಿ ಈ ಪ್ರಸಂಗ ಇದೆ. ಕಾವಸ್‌ಜಿಯ ಹೆಸರು ಉಳಿಯಿತು, ಕಾರ್ಪ್ಯೂ ಹೆಸರು ಉಳಿಯಿತು. ಮೂಗು ಕಟ್ಟಿದವನ ಹೆಸರನ್ನು ಆ ವರದಿ ಹೇಳಲೇ ಇಲ್ಲ. ಬೋರ್ಡಿನ ಮ್ಯಾಲೆ ಹೆಸರಿಲ್ಲ ಎಂದ ಡಾಕ್ಟರಮ್ಮನ ಮಾತು ಕೇಳಿದಾಗ ನನಗೆ ಅವನು ನೆನಪಾದ.

ಅಂದಹಾಗೆ ಅಲೋಪಥಿ ಎಂಬ ಹೆಸರೂ ಆ ಪದ್ಧತಿಯವರು ತಾವೇ ಇಟ್ಟುಕೊಂಡದ್ದಲ್ಲ. ಹೋಮಿಯೋಪಥಿಯ ಹಾನೆಮಾನ್ ತನ್ನ ಎದುರಾಳಿಗಳಿಗೆ ಇಟ್ಟ ಹೆಸರು. ನಮ್ಮವರು ಅದನ್ನೇ ಅಚ್ಚುಕಟ್ಟಾಗಿ ಬಳಸುತ್ತಿದ್ದೇವೆ.

ಸೋಮವಾರ ಸಂಜೆ ಆಫೀಸಿನಿಂದ ಬೇಗ ಬಂದೆ. ಹುಡುಗಿ, ನಾನು ಫೈವ್ ಗಾರ್ಡನ್ಸ್ ಕಡೆಗೆ ನಡೆದೆವು. ಮಳೆ ಬಿಟ್ಟಿತ್ತು. ನನಗೆ ಅನ್ನಿಸಿದ್ದನ್ನು ಹೇಳಿದೆ. ಹೊಟ್ಟೆ, ಎದೆ, ಮಿದುಳು ತೆರೆಯುವ ಆಸೆಯಿದ್ದರೆ ನಮ್ಮ ದೇಶದಲ್ಲಿ ಇವತ್ತಿಗೆ ದಾರಿ ಎಂಬಿಬಿಎಸ್ ಒಂದೇ. ಬಿಎಎಂಎಸ್ ಸೇರಿ ಆಮೇಲೆ ನೋಡೋಣ ಎನ್ನುವ ಹಾಗಿಲ್ಲ, ಆಮೇಲೆ ಎನ್ನುವುದೇ ಅಲ್ಲಿಲ್ಲ. ಎಂಬಿಬಿಎಸ್ ಸಿಕ್ಕಿತೆಂದ ಮಾತ್ರಕ್ಕೂ ಸರ್ಜನ್ ಆಗುವುದಿಲ್ಲ. ನೀಟ್ ಪಿಜಿಯಲ್ಲಿ ಮತ್ತೆ ಇದೇ ನೂಕುನುಗ್ಗಲು, ಅದರಲ್ಲಿ ಸರ್ಜರಿ ಸಿಗಬೇಕು, ಹಾರ್ಟ್ ಬೇಕಾದರೆ ಮೇಲೆ ಇನ್ನೂ ಮೂರು ವರ್ಷ. ಆದರೆ ಅದು ಕಷ್ಟದ ದಾರಿ, ಮುಚ್ಚಿದ ದಾರಿಯಲ್ಲ. ಇನ್ನು ಒಂದು ವರ್ಷ ಡ್ರಾಪ್ ಮಾಡಿ ಮತ್ತೆ ಬರೆದರೆ ಸಿಕ್ಕೇ ಸಿಗುತ್ತದೆಂದು ನಾನು ಹೇಳಲಾರೆ, ಯಾರು ಹೇಳಿದರೂ ನಂಬಬೇಡ.

"ಅಂಕಲ್, ಅಪ್ಪಂಗೆ ಬಿಎಎಂಎಸ್ಸೇ ಬೇಕು. ಫೀಸ್ ಕಡಿಮೆ ಅಂತಲ್ಲ. ನಾನು ಒಂದು ವರ್ಷ ಮನೇಲಿ ಕೂತ್ರೆ ಜನ ಏನಂತಾರೆ ಅಂತ."

"ನಿಂಗೆ?"

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಆ ಡಾಕ್ಟರ್ ಆಂಟಿ ಹೊಲಿಗೆ ವಿಷಯ ಹೇಳಿದ್ರಲ್ಲ. ಹೇಳುವಾಗ ಅವ್ರ ದನಿ ಒಂದು ಥರಾ ಆಯ್ತು. ನಂಗೆ ಅದೇ ಕೇಳ್ತಾ ಇದೆ. ನಾನು ಬಿಎಎಂಎಸ್ ಸೇರಿದ್ರೆ ಐದು ವರ್ಷವೂ ಎಂಬಿಬಿಎಸ್ ಹುಡುಗರನ್ನ ನೋಡಿ ಹೊಟ್ಟೆ ಉರ್ಕೊಂಡೇ ಓದ್ತೀನಿ ಅಂಕಲ್. ಅದು ಆಯುರ್ವೇದಕ್ಕೂ ಒಳ್ಳೇದಲ್ಲ."

ಹದಿನೆಂಟರ ಹುಡುಗಿ ಹೀಗೆ ಹೇಳಿದಾಗ ನನ್ನ ಎಕ್ಸೆಲ್ಲಿನ ಬಗ್ಗೆ ಏನೆನ್ನಲಿ. ಹಿಂತಿರುಗುವಾಗ ರಾಮಮಂದಿರದ ಹತ್ತಿರ ಕಬ್ಬಿನಹಾಲು ಕುಡಿದೆವು. ಅವಳಪ್ಪನ ಹತ್ತಿರ ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು.

ಮಾತು ಸುಲಭವಾಗಲಿಲ್ಲ. ಶನಿವಾರ ಹಸಿರು ತೋರಿಸಿದವನು ಮಂಗಳವಾರ ಬೆಳಿಗ್ಗೆ ಕೆಂಪು ತೋರಿಸಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? "ನೀವು ಲೆಕ್ಕ ಹಾಕಿಕೊಟ್ರಿ, ನಾನು ಊರಿಗೆ ಫೋನ್ ಮಾಡಿ ಹೇಳಿಯೂ ಆಯ್ತು" ಎಂದರು ರಾಯರು. ನನ್ನ ಲೆಕ್ಕ ತಪ್ಪಿತ್ತು ಎಂದು ಒಪ್ಪಿಕೊಂಡೆ. ಬೇರೆ ಉಪಾಯವಿರಲಿಲ್ಲ. ಕೊನೆಗೆ ಮಾತು ತಿರುಗಿಸಿದ್ದು ರಾಯರ ಹೆಂಡತಿ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು, "ನಿಮಗೆ ಪೋರ್ಟ್ ಟ್ರಸ್ಟಿನಲ್ಲಿ ಎಷ್ಟನೇ ಸಲಕ್ಕೆ ಪ್ರಮೋಷನ್ ಆದದ್ದು?" ಮೂರನೆಯ ಸಲಕ್ಕೆ ಆಗಿತ್ತಂತೆ.

ನಾಲ್ಕೂವರೆಗೆ ಹುಡುಗಿ ಫೋನ್ ಮಾಡಿದಳು. ಪಟ್ಟಿಯಲ್ಲಿದ್ದ ಬಿಎಎಂಎಸ್ ಕಾಲೇಜುಗಳನ್ನು ಒಂದೊಂದಾಗಿ ಅಳಿಸಿದ್ದಳು. ಸಯನ್ ಅಳಿಸುವಾಗ ಅಪ್ಪ ಎದ್ದು ಬಾಲ್ಕನಿಗೆ ಹೋದರಂತೆ. ಒಂದು ಶರತ್ತು ಹಾಕಿದ್ದಾರೆ: ಇನ್ನೊಂದೇ ಸಲ. ಅವಳೂ ಒಂದು ಶರತ್ತು ಹಾಕಿದ್ದಾಳೆ: ಮುಂದಿನ ಸಲವೂ ಎಂಬಿಬಿಎಸ್ ಸಿಗದಿದ್ದರೆ ಉಡುಪಿಯಲ್ಲೇ ಬಿಎಎಂಎಸ್ ಸೇರುತ್ತಾಳೆ, ಆದರೆ ಸೇರುವ ಮೊದಲು ಒಂದು ವಾರ ಅಲ್ಲಿನ ಕ್ಷಾರಸೂತ್ರದ ಓಪಿಡಿಯಲ್ಲಿ ಕೂತು ನೋಡಿ, ಅದು ತನಗೆ ಬೇಕು ಅನ್ನಿಸಿದರೆ ಮಾತ್ರ. ಅಲ್ಲಿ ಕೂರಲು ಬಿಡುತ್ತಾರೋ ಇಲ್ಲವೋ ದೊಡ್ಡಪ್ಪನನ್ನು ಕೇಳಿ ಹೇಳಿ ಎಂದು ನನಗೆ ಕೆಲಸ ಹಚ್ಚಿದ್ದಾಳೆ.

ದಾದರಿನ ರಿಪೀಟರ್ಸ್ ಬ್ಯಾಚ್ ಮುಂದಿನ ಸೋಮವಾರ ಶುರು. ಬೆಳಿಗ್ಗೆ ಏಳಕ್ಕೆ. ನಮ್ಮನೆಯ ಪ್ರಿಂಟರ್ ಈಗ ಮೇಲಿನ ಮಹಡಿಯಲ್ಲಿದೆ.